ಥರ್ಮೋಕೋಲ್ ಅಚ್ಚಿನ ಕಾಂಕ್ರೀಟ್ ಗೋಡೆ: ಮಿನ್ನೆಸೋಟಾದ ಮನೆಗೆ ಎಷ್ಟು ಯೋಗ್ಯ?

ಪ್ರಶ್ನೆ: ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿ, ಮಿನಿಯಾಪೊಲಿಸ್ ನಗರದ ಹೊರವಲಯದಲ್ಲಿ ಸೈಟು ಕೊಂಡಿದ್ದೇವೆ. ನೆಲಮಾಳಿಗೆ, ಅದರ ಮೇಲೆ ಎರಡು ಅಂತಸ್ತಿನ ಮನೆ ಕಟ್ಟಿಸುವ ಯೋಚನೆ. ಇಲ್ಲಿ ಬಹುತೇಕ ಎಲ್ಲರದೂ ಮರದ ಚೌಕಟ್ಟಿನ ಮನೆ. ದಾವಣಗೆರೆಯಲ್ಲಿರುವ ನನ್ನ ತಂದೆ ನಿವೃತ್ತ ಸಿವಿಲ್ ಎಂಜಿನಿಯರ್. ಮರದ ಗೋಡೆಗೆ ಅಷ್ಟು ದುಡ್ಡು ಸುರಿಯಬೇಡ ಎನ್ನುತ್ತಾರೆ. ಒಬ್ಬ ಗುತ್ತಿಗೆದಾರರು ಐಸಿಎಫ್ (ಇನ್ಸುಲೇಟೆಡ್ ಕಾಂಕ್ರೀಟ್ ಫಾರ್ಮ್), ಅಂದರೆ ಥರ್ಮೋಕೋಲ್ ಅಚ್ಚಿನ ಕಾಂಕ್ರೀಟ್ ಗೋಡೆಯನ್ನು ಸೂಚಿಸಿದ್ದಾರೆ. ಶಾಖ ತಡೆಯುವ ಅದರ ಶಕ್ತಿ, ಅಂದರೆ ಆರ್-ವ್ಯಾಲ್ಯೂ, 50ಕ್ಕೆ ಸಮ, ಹೀಟಿಂಗ್ ಬಿಲ್ಲು ಅರ್ಧಕ್ಕಿಳಿಯುತ್ತದೆ ಎಂಬುದು ಅವರ ಮಾತು. ನಂಬಬಹುದೇ? ಬೆಂಕಿ, ತೇವ, ಇರುವೆಗಳ ಕಾಟ ಹೇಗೆ? ದಾವಣಗೆರೆಯ ಮನೆಯ ಮೇಲೆ ಇನ್ನೊಂದು ಅಂತಸ್ತು ಕಟ್ಟಬೇಕಿದೆ. ಅದಕ್ಕೂ ಇದೇ ಪದ್ಧತಿ ಸರಿಹೋದೀತೇ?

ಉತ್ತರ: ಮೊದಲು ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ, ಕಾರಣಗಳು ಆಮೇಲೆ. ನೆಲಮಾಳಿಗೆಯ ಗೋಡೆಗಳನ್ನು ಐಸಿಎಫ್‌ನಲ್ಲಿ ಕಟ್ಟಿಸಲು ಹಿಂಜರಿಯಬೇಕಾಗಿಲ್ಲ. ಮೇಲಿನ ಎರಡು ಅಂತಸ್ತುಗಳನ್ನೂ ಅದರಲ್ಲೇ ಕಟ್ಟಿಸುವುದಾದರೆ, ಮನೆಯೊಳಗಿನ ನಿಶ್ಶಬ್ದ, ಗಾಳಿಮಳೆಗೆ ಜಗ್ಗದ ಗಟ್ಟಿತನ, ಏಕರೂಪದ ಬೆಚ್ಚನೆ ಇವುಗಳಿಗಾಗಿ ಕಟ್ಟಿಸಿ; ಗ್ಯಾಸಿನ ಬಿಲ್ಲಿನಲ್ಲಿ ಉಳಿಸಿ ಹಾಕಿದ ಹಣವನ್ನು ಹಿಂಪಡೆಯುತ್ತೇನೆ ಎಂಬ ಲೆಕ್ಕದಲ್ಲಿ ಕಟ್ಟಿಸಬೇಡಿ. ಎರಡೂ ಸಂದರ್ಭದಲ್ಲಿ, ಯಾವ ಕಂಪನಿಯ ಬ್ಲಾಕು ಎಂಬುದಕ್ಕಿಂತ ಕಾಂಕ್ರೀಟ್ ಸುರಿಯುವ ತಂಡ ಯಾವುದು ಎಂಬುದೇ ಹೆಚ್ಚು ಮುಖ್ಯ.

ಈ ಗೋಡೆಯ ರಚನೆ ತಿಳಿದರೆ ಉಳಿದದ್ದು ಸುಲಭ. ನಾವು ಥರ್ಮೋಕೋಲ್ ಎನ್ನುವ ವಸ್ತುವನ್ನೇ ಇನ್ನಷ್ಟು ಗಟ್ಟಿಯಾಗಿ ಅಚ್ಚುಹಾಕಿ, ಸುಮಾರು ಎರಡೂವರೆ ಇಂಚು ದಪ್ಪದ ಎರಡು ಹಲಗೆಗಳನ್ನು ಎದುರುಬದುರಾಗಿ ನಿಲ್ಲಿಸಿ, ನಡುವೆ ಪ್ಲಾಸ್ಟಿಕ್ ಅಡ್ಡಪಟ್ಟಿಗಳಿಂದ ಬೆಸೆದಿರುತ್ತಾರೆ. ಸಾಮಾನ್ಯವಾಗಿ ನಾಲ್ಕು ಅಡಿ ಉದ್ದ, 16 ಇಂಚು ಎತ್ತರದ ಈ ಟೊಳ್ಳು ಬ್ಲಾಕುಗಳನ್ನು ಮಕ್ಕಳ ಆಟದ ಬ್ಲಾಕುಗಳಂತೆ ಒಂದರ ಮೇಲೊಂದು ಕಚ್ಚಿಸಿ, ಒಳಗೆ ಕಂಬಿ ಹಾಸಿ, ನಡುವಿನ ಟೊಳ್ಳಿಗೆ ಕಾಂಕ್ರೀಟ್ ಸುರಿಯುತ್ತಾರೆ. ನಮ್ಮಲ್ಲಿ ಕಾಂಕ್ರೀಟ್ ಗಟ್ಟಿಯಾದ ಮೇಲೆ ಸೆಂಟ್ರಿಂಗ್ ಬಿಚ್ಚುತ್ತೇವೆ. ಇಲ್ಲಿ ಅದನ್ನು ಬಿಚ್ಚುವುದೇ ಇಲ್ಲ, ಅದೇ ಶಾಶ್ವತವಾಗಿ ಉಷ್ಣನಿರೋಧಕವಾಗಿ ಉಳಿಯುತ್ತದೆ. ಫೋಮಿನ ಅಚ್ಚಿಗೆ ಕೆನಡಾದ ವೆರ್ನರ್ ಗ್ರೆಗೊರಿ ಎಂಬ ಗುತ್ತಿಗೆದಾರರು 1960ರ ದಶಕದಲ್ಲಿ ಪೇಟೆಂಟ್ ಕೋರಿದ್ದರು. ಅಂದರೆ ಇದು ಅರ್ಧ ಶತಮಾನ ದಾಟಿದ ಪದ್ಧತಿ, ನಿನ್ನೆ ಮೊನ್ನೆಯ ಪ್ರಯೋಗವಲ್ಲ. ಮನೆಗಳಿಗೆ ನಡುವಿನ ಕಾಂಕ್ರೀಟು ಸಾಮಾನ್ಯವಾಗಿ 6 ಇಂಚು, ಆಳವಾದ ನೆಲಮಾಳಿಗೆಗೆ 8 ಇಂಚು ಇರುತ್ತದೆ. ನಿಮ್ಮ ತಂದೆಯವರಿಗೆ ತಿಳಿಸುವುದಾದರೆ, ಅಲ್ಲಿನ 4ನೇ ನಂಬರಿನ ಕಂಬಿ ಎಂದರೆ ಅರ್ಧ ಇಂಚಿನದು, ನಮ್ಮ 12 ಎಂಎಂ ಕಂಬಿಗೆ ಹತ್ತಿರ. 3000 ಪಿಎಸ್‌ಐ ಕಾಂಕ್ರೀಟು ಹೆಚ್ಚುಕಡಿಮೆ ನಮ್ಮ ಎಂ25. ಅಲ್ಲಿ ಬಲವನ್ನು ಸಿಲಿಂಡರಿನಲ್ಲಿ ಅಳೆಯುತ್ತಾರೆ, ನಮ್ಮಲ್ಲಿ ಘನದಲ್ಲಿ. ಹಾಗಾಗಿ ಅಂಕಿಗಳನ್ನು ನೇರವಾಗಿ ಹೋಲಿಸಲಾಗದು.

ಇನ್ನು ಆ 50ರ ಮಾತು. ಆರ್-ವ್ಯಾಲ್ಯೂ ಎಂದರೆ ಶಾಖದ ಹರಿವಿಗೆ ಗೋಡೆ ಒಡ್ಡುವ ತಡೆಯ ಅಳತೆ. ಈ ಫೋಮಿಗೆ ಇಂಚಿಗೆ ಸುಮಾರು 4 ಬರುತ್ತದೆ. ಎರಡೂ ಬದಿ ಸೇರಿ ಐದು ಇಂಚಿಗೆ 20, ಹೊರಹೊದಿಕೆ ಮತ್ತು ಜಿಪ್ಸಮ್ ಬೋರ್ಡು ಸೇರಿದರೆ 22ರಿಂದ 24. ಅದಕ್ಕಿಂತ ಹೆಚ್ಚಿಲ್ಲ. 50 ಎಂಬುದು ಕಾಂಕ್ರೀಟಿನ ತೂಕವು ಶಾಖವನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವ ಗುಣವನ್ನೂ ಸೇರಿಸಿ ಹೇಳುವ ಮಾರಾಟದ ಅಂಕಿ. ಆ ಗುಣ ನಿಜ, ಆದರೆ ಅದು ಫಲ ಕೊಡುವುದು ಹಗಲಲ್ಲಿ ಹೊರಗೆ ಒಳಗಿಗಿಂತ ಬಿಸಿ, ರಾತ್ರಿಯಲ್ಲಿ ಒಳಗಿಗಿಂತ ತಂಪು ಎಂಬಂತೆ ತಾಪ ಅತ್ತಿತ್ತ ತೂಗುವ ಊರುಗಳಲ್ಲಿ, ಉದಾಹರಣೆಗೆ ನ್ಯೂಮೆಕ್ಸಿಕೊ, ಅರಿಜೋನಾದಂಥ ಕಡೆ. ಮಿನ್ನೆಸೋಟಾದ ಚಳಿಗಾಲದಲ್ಲಿ ಹೊರಗಿನ ತಾಪ ತಿಂಗಳುಗಟ್ಟಲೆ ಒಳಗಿನದಕ್ಕಿಂತ ಕೆಳಗೇ ಇರುತ್ತದೆ. ಶಾಖ ಒಂದೇ ದಿಕ್ಕಿಗೆ, ಹೊರಗೇ ಹರಿಯುತ್ತಿರುತ್ತದೆ. ಅಲ್ಲಿ ತೂಕಕ್ಕೆ ಮಾಡಲು ಹೆಚ್ಚು ಕೆಲಸವಿಲ್ಲ. ಸಾಲದ್ದಕ್ಕೆ ಒಳಬದಿಯ ಫೋಮು ಕೋಣೆಗೂ ಕಾಂಕ್ರೀಟಿಗೂ ನಡುವೆ ಅಡ್ಡ ನಿಂತಿರುತ್ತದೆ. ಟೆನೆಸಿಯ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯದ ಅಧ್ಯಯನಗಳಲ್ಲಿಯೂ, ಭಾರವು ಕೋಣೆಯ ಕಡೆಗೆ ತೆರೆದಿದ್ದು ನಿರೋಧಕವೆಲ್ಲ ಹೊರಗಿರುವ ಗೋಡೆಯೇ ಈ ವಿಷಯದಲ್ಲಿ ಐಸಿಎಫ್‌ಗಿಂತ ಮೇಲೆಂದು ಕಂಡಿದೆ.

ಲೆಕ್ಕವನ್ನೇ ಹಾಕಿ ನೋಡೋಣ. ಮನೆಯ ಸುತ್ತಳತೆ 180 ಅಡಿ, ಪ್ರತಿ ಅಂತಸ್ತು 9 ಅಡಿ ಎತ್ತರ ಎಂದಿಟ್ಟುಕೊಳ್ಳಿ. ಕಿಟಕಿ, ಬಾಗಿಲು ಕಳೆದರೆ ಎರಡು ಅಂತಸ್ತಿನ ಗೋಡೆ ಸುಮಾರು 2,750 ಚದರ ಅಡಿ. 2×6 ಇಂಚಿನ ಮರದ ಚೌಕಟ್ಟಿನಲ್ಲಿ ಆರ್-20 ನಿರೋಧಕ ತುಂಬಿದರೂ ಮರದ ಕಂಬಗಳ ಮೂಲಕ ಶಾಖ ಸೋರುವುದರಿಂದ ಇಡೀ ಗೋಡೆಗೆ ಸಿಗುವುದು 17ರ ಆಸುಪಾಸು. ಐಸಿಎಫ್‌ನಲ್ಲಿ ಅಂಥ ಸೋರಿಕೆ ಇಲ್ಲ. 23 ಎಂದೇ ಹಿಡಿಯೋಣ. ಮಿನಿಯಾಪೊಲಿಸ್‌ನ ಚಳಿಯನ್ನು ವರ್ಷಕ್ಕೆ 7,500 ಫ್ಯಾರನ್‌ಹೀಟ್ ಡಿಗ್ರಿ-ದಿನಗಳೆಂದು (ಎಷ್ಟು ಚಳಿ, ಎಷ್ಟು ದಿನ ಎಂಬುದರ ಒಟ್ಟು ಅಳತೆ) ತೆಗೆದುಕೊಂಡರೆ, ಗೋಡೆಯ ನಿರೋಧಕ ಗುಣವೊಂದರಿಂದಲೇ ಆಗುವ ಉಳಿತಾಯ ವರ್ಷಕ್ಕೆ ಸುಮಾರು 75 ಲಕ್ಷ ಬಿಟಿಯು ಶಾಖ (ಒಂದು ಲಕ್ಷ ಬಿಟಿಯು ಎಂದರೆ ಒಂದು ಥರ್ಮ್), ಹೀಟರಿನಲ್ಲಿ ಪೋಲಾಗುವುದನ್ನೂ ಸೇರಿಸಿದರೆ ಸುಮಾರು 80 ಥರ್ಮ್ ಗ್ಯಾಸು. ಥರ್ಮಿಗೆ ಒಂದು ಡಾಲರ್ ಎಂದರೆ 80 ಡಾಲರ್. ದರ ಅದಕ್ಕಿಂತ ಹೆಚ್ಚಿದ್ದರೆ ಅಷ್ಟು ಹೆಚ್ಚು. ಬಿಲ್ಲು ಅರ್ಧಕ್ಕಿಳಿಯುವ ಮಾತು ಎಲ್ಲಿ, ಇದು ಎಲ್ಲಿ? ಹಳೆಯ, ಗಾಳಿ ನುಸುಳುವ ಮರದ ಮನೆಯೊಂದಿಗೆ ಹೋಲಿಸಿದರೆ ಅರ್ಧವಾದೀತು. ಆದರೆ ನೀವು ಹೋಲಿಸಬೇಕಿರುವುದು ಈಗಿನ ನಿಯಮದಂತೆ ಕಟ್ಟುವ ಹೊಸ ಮರದ ಮನೆಯೊಂದಿಗೆ.

ಐಸಿಎಫ್‌ಗೆ ನಿಜವಾದ ಮೇಲುಗೈ ಇರುವುದು ಗಾಳಿಯ ಸೋರಿಕೆಯಲ್ಲಿ. ಅಖಂಡ ಕಾಂಕ್ರೀಟಿನ ಮೂಲಕ ಗಾಳಿ ನುಸುಳದು. ಮರದ ಗೋಡೆಯಲ್ಲಿ ನೂರಾರು ಸಂದುಗಳನ್ನು ಟೇಪು, ಸೀಲೆಂಟುಗಳಿಂದ ಮುಚ್ಚಿ ಪಡೆಯುವ ಬಿಗಿಯನ್ನು ಇಲ್ಲಿ ಗೋಡೆಯೇ ತಾನಾಗಿ ಕೊಡುತ್ತದೆ. ಚಳಿ ಪ್ರದೇಶಗಳ ಹೊಸ ಮನೆಗಳಲ್ಲಿ, 50 ಪ್ಯಾಸ್ಕಲ್ ಒತ್ತಡದಲ್ಲಿ ಫ್ಯಾನಿಟ್ಟು ಪರೀಕ್ಷಿಸಿದಾಗ, ಗಂಟೆಗೆ ಮೂರು ಬಾರಿಗಿಂತ ಹೆಚ್ಚು ಮನೆಯ ಗಾಳಿ ಬದಲಾಗಬಾರದೆಂಬುದು ಅಂತರರಾಷ್ಟ್ರೀಯ ಇಂಧನ ಸಂಹಿತೆಯ 2012ರ ಆವೃತ್ತಿ ಹಾಕಿದ ಮಿತಿ. ಐಸಿಎಫ್ ಮನೆ ಇದಕ್ಕಿಂತ ಬಹಳ ಕೆಳಗೆ ಇಳಿಯಬಲ್ಲದು, ಆದರೆ ಒಂದು ಷರತ್ತು: ಚಾವಣಿ ಗೋಡೆಯನ್ನು ಕೂಡುವ ಸಂದು ಮತ್ತು ಕಿಟಕಿ ಚೌಕಟ್ಟುಗಳ ಸುತ್ತ ಅಷ್ಟೇ ಶ್ರದ್ಧೆ ಇರಬೇಕು. ಗೋಡೆ ಕಾಂಕ್ರೀಟಿನದಾಗಿ ಮೇಲಿನ ಅಟ್ಟಕ್ಕೆ ಗಾಳಿ ನುಗ್ಗುತ್ತಿದ್ದರೆ ಏನೂ ಸಾಧಿಸಿದಂತಾಗಲಿಲ್ಲ.

ಇಷ್ಟು ಬಿಗಿಯಾದ ಮನೆಯಲ್ಲಿ ಉಸಿರಾಟದ ಗಾಳಿಯನ್ನು ಯಂತ್ರದಿಂದಲೇ ತರಬೇಕು. ಒಳಗಿನ ಗಾಳಿಯ ಶಾಖವನ್ನು ಹೊರಗಿನಿಂದ ಬರುವ ತಣ್ಣನೆಯ ಗಾಳಿಗೆ ದಾಟಿಸುವ ಎಚ್‌ಆರ್‌ವಿ ಅಥವಾ ಇಆರ್‌ವಿ ಯಂತ್ರವನ್ನು ಮೊದಲ ನಕ್ಷೆಯಲ್ಲೇ ಸೇರಿಸಿ. ಕಾಂಕ್ರೀಟು ಮೊದಲ ವರ್ಷ ತನ್ನೊಳಗಿನ ತೇವವನ್ನು ಬಿಡುತ್ತಿರುವುದರಿಂದ ಆ ವರ್ಷ ಇದರ ಅಗತ್ಯ ಇನ್ನೂ ಹೆಚ್ಚು. ಕನ್ನಡಿಗರ ಅಡುಗೆಮನೆಗೆ ಮತ್ತೊಂದು ಮಾತು ಹೇಳಲೇಬೇಕು: ದಿನಕ್ಕೆರಡು ಬಾರಿ ಒಗ್ಗರಣೆ ಹಾಕುವ ಮನೆಯಲ್ಲಿ, ಹೊಗೆಯನ್ನು ಶೋಧಿಸಿ ಮತ್ತೆ ಒಳಗೇ ಬಿಡುವ ಹುಡ್ ಸಾಲದು, ಹೊರಗೆ ಒಯ್ಯುವ ಕೊಳವೆ ಬೇಕು. ಆ ಹುಡ್ ನಿಮಿಷಕ್ಕೆ 400 ಘನ ಅಡಿಗಿಂತ ಹೆಚ್ಚು ಗಾಳಿ ಎಳೆಯುವಂಥದ್ದಾದರೆ, ಅದು ಹೊರಹಾಕಿದಷ್ಟು ಗಾಳಿ ಒಳಬರಲು ಪ್ರತ್ಯೇಕ ದಾರಿ ಇರಿಸಿ. ಇಲ್ಲವಾದರೆ ಗ್ಯಾಸ್ ಹೀಟರಿನ ಹೊಗೆ ಮನೆಯೊಳಕ್ಕೆ ಹಿಮ್ಮೆಟ್ಟುವ ಅಪಾಯವಿದೆ. ಹೀಟಿಂಗ್ ಯಂತ್ರವನ್ನೂ ಸುತ್ತಲಿನ ಮನೆಗಳ ಅಂದಾಜಿನಲ್ಲಿ ಕೊಳ್ಳದೆ ಈ ಮನೆಯದೇ ಲೆಕ್ಕ ಮಾಡಿಸಿ. ದೊಡ್ಡದಾದರೆ ಅದು ಮತ್ತೆ ಮತ್ತೆ ಹೊತ್ತಿ ಆರುತ್ತಲೇ ಇರುತ್ತದೆ.

ಈಗ ನಾನು ಅತ್ಯಂತ ಮುಖ್ಯವೆಂದ ವಿಷಯಕ್ಕೆ ಬರುತ್ತೇನೆ. ಕಾಂಕ್ರೀಟ್ ಸುರಿಯುವ ಆ ಕೆಲವು ಗಂಟೆಗಳಲ್ಲಿ ಈ ಗೋಡೆಯ ಗುಣ ನಿರ್ಧಾರವಾಗಿಬಿಡುತ್ತದೆ. 6 ಇಂಚಿನ ಗೋಡೆಗೆ ಪ್ರತಿ 54 ಚದರ ಅಡಿಗೆ ಒಂದು ಘನ ಗಜ ಕಾಂಕ್ರೀಟು ಬೇಕು. ನಾನು ಹೇಳಿದ ಅಳತೆಯ ಒಂದು ಅಂತಸ್ತಿಗೆ 25 ಘನ ಗಜದಷ್ಟು, ಅಂದರೆ ಹತ್ತು ಗಜ ಹಿಡಿಯುವ ಮೂರು ಲಾರಿ. ಹಸಿ ಕಾಂಕ್ರೀಟು ಘನ ಅಡಿಗೆ 150 ಪೌಂಡು ತೂಗುತ್ತದೆ. ನಾಲ್ಕು ಅಡಿ ಎತ್ತರಕ್ಕೆ ಒಮ್ಮೆಲೇ ತುಂಬಿದರೆ ಬುಡದಲ್ಲಿ ಚದರ ಅಡಿಗೆ 600 ಪೌಂಡು ಒತ್ತಡ, ಒಂಬತ್ತು ಅಡಿಯನ್ನೂ ಒಂದೇ ಉಸಿರಿಗೆ ತುಂಬಿದರೆ 1,350. ಅದನ್ನು ತಡೆದು ನಿಂತಿರುವುದು ಫೋಮು ಮತ್ತು ಪ್ಲಾಸ್ಟಿಕ್ ಪಟ್ಟಿ ಎಂಬುದನ್ನು ಮರೆಯಬಾರದು. ಆದ್ದರಿಂದ ಅನುಭವಿಗಳು ಮನೆಯ ಸುತ್ತ ಪ್ರದಕ್ಷಿಣೆ ಹಾಕುತ್ತಾ, ಒಂದೊಂದು ಸುತ್ತಿನಲ್ಲಿ ಮೂರು-ನಾಲ್ಕು ಅಡಿಯಂತೆ, ಕೆಳಗಿನ ಪದರ ಬಿಗಿದುಕೊಳ್ಳಲು ಸಮಯ ಬಿಟ್ಟು ತುಂಬುತ್ತಾರೆ. ಚಳಿಯಲ್ಲಿ ಕಾಂಕ್ರೀಟು ಬಿಗಿಯುವುದು ನಿಧಾನವಾದ್ದರಿಂದ ಆಗ ಇನ್ನೂ ಸಾವಕಾಶ ಬೇಕು. ಮೂಲೆಗಳು, ಬ್ಲಾಕು ಕತ್ತರಿಸಿ ಜೋಡಿಸಿದ ಕಡೆಗಳು, ಕಿಟಕಿಗಳ ಇಕ್ಕೆಲಗಳು ಬಿರಿಯುವ ಜಾಗಗಳು. ಅಲ್ಲಿ ಮೊದಲೇ ಪ್ಲೈವುಡ್ಡಿನ ಆಸರೆ ಕೊಟ್ಟಿರಬೇಕು, ಬಿರಿದರೆ ತಕ್ಷಣ ಮುಚ್ಚಲು ಪ್ಲೈವುಡ್ ತುಂಡು ಮತ್ತು ಸ್ಕ್ರೂ ಕೈಯಳತೆಯಲ್ಲಿರಬೇಕು.

ಪಂಪಿನಿಂದ ಸಲೀಸಾಗಿ ಹರಿಯಲೆಂದು ಕಾಂಕ್ರೀಟಿಗೆ ಸ್ಥಳದಲ್ಲೇ ನೀರು ಬೆರೆಸುವುದು ನಮ್ಮಲ್ಲಿನಂತೆ ಅಲ್ಲಿಯೂ ಇರುವ ಚಾಳಿ. ಅದಕ್ಕೆ ಅವಕಾಶ ಕೊಡಬೇಡಿ. ಅರ್ಧ ಇಂಚಿಗಿಂತ ಸಣ್ಣ ಜೆಲ್ಲಿ, ಆರು ಇಂಚಿನ ಆಸುಪಾಸಿನ ಸ್ಲಂಪು (ಹಸಿ ಕಾಂಕ್ರೀಟಿನ ಮೆದುತನದ ಅಳತೆ) ಇರುವ ಮಿಶ್ರಣವನ್ನು ಮೊದಲೇ ಬರೆದುಕೊಟ್ಟು ತರಿಸಬೇಕು. ಹರಿವು ಇನ್ನೂ ಬೇಕಿದ್ದರೆ ಅದಕ್ಕೆಂದೇ ಇರುವ ರಾಸಾಯನಿಕವನ್ನು ಬಳಸಬೇಕು. ವೈಬ್ರೇಟರ್ ಇಲ್ಲದೆ, ಹೊರಗಿನಿಂದ ಫೋಮನ್ನು ತಟ್ಟಿ ಮುಗಿಸುವ ತಂಡವನ್ನು ಸೇರಿಸಬೇಡಿ. ಸುಮಾರು ಒಂದು ಇಂಚು ತಲೆಯ ಸಣ್ಣ ವೈಬ್ರೇಟರ್ ಒಳಗಿಳಿಯಲೇಬೇಕು. ಏಕೆಂದರೆ, ನಿಮ್ಮ ತಂದೆಯವರು ಚೆನ್ನಾಗಿ ಬಲ್ಲಂತೆ, ಸೆಂಟ್ರಿಂಗ್ ಬಿಚ್ಚಿದಾಗ ಜೇನುಗೂಡಾಗಿರುವ ಜಾಗ ಕಣ್ಣಿಗೆ ಬೀಳುತ್ತದೆ, ಬೈದು ಸರಿಮಾಡಿಸಬಹುದು. ಇಲ್ಲಿ ಎಲ್ಲವೂ ಫೋಮಿನ ಹಿಂದೆ ಮುಚ್ಚಿಹೋಗಿರುತ್ತದೆ. ಕಿಟಕಿಯ ಕೆಳಗಿನ ಭಾಗ ಟೊಳ್ಳಾಗಿ ಉಳಿಯುವುದು ಅತಿ ಸಾಮಾನ್ಯ. ಚೌಕಟ್ಟಿನ ಕೆಳಪಟ್ಟಿಯಲ್ಲಿ ಕಿಂಡಿ ಬಿಟ್ಟು ಅಲ್ಲಿಂದಲೇ ತುಂಬಿಸಿ, ಕಂಪಿಸುವಂತೆ ಕರಾರಿನಲ್ಲಿ ಬರೆಸಿ. ಸಂಶಯ ಬಂದ ಕಡೆ ಅಂಗೈಯಗಲ ಫೋಮು ಕತ್ತರಿಸಿ ನೋಡಿ ಮತ್ತೆ ಅಂಟಿಸುವುದಕ್ಕೆ ಒಳ್ಳೆಯ ಗುತ್ತಿಗೆದಾರರು ಬೇಸರಿಸುವುದಿಲ್ಲ. ಒಂದು ಅನುಕೂಲವನ್ನೂ ಹೇಳಬೇಕು: ಫೋಮು ತೇವವನ್ನು ಹೊರಬಿಡದ ಕಾರಣ ವಾರಗಟ್ಟಲೆ ನೀರುಣಿಸಿ ಕ್ಯೂರಿಂಗ್ ಮಾಡುವ ಕೆಲಸವಿಲ್ಲ, ಮೇಲ್ತುದಿಯನ್ನು ಮುಚ್ಚಿದರೆ ಸಾಕು.

ಗೋಡೆ ನೆಟ್ಟಗೆ ನಿಲ್ಲುವುದೂ ಅದೇ ದಿನದ ಕೆಲಸ. ತಿರುಗಣಿಯಿಂದ ಹಿಂದೆಮುಂದೆ ಸರಿಸಬಹುದಾದ ಉಕ್ಕಿನ ಊರೆಗಳನ್ನು, ಅಂದರೆ ಆಸರೆ ಕಂಬಗಳನ್ನು, ಗೋಡೆಯ ಒಂದು ಬದಿಗೆ ಸುಮಾರು ಆರಾರು ಅಡಿಗೊಂದರಂತೆ ನಿಲ್ಲಿಸಿರುತ್ತಾರೆ. ಮೇಲಂಚಿಗೆ ದಾರ ಕಟ್ಟಿ, ಸುರಿದು ಮುಗಿದ ಕೂಡಲೇ, ಕಾಂಕ್ರೀಟು ಬಿಗಿಯುವ ಮೊದಲು, ದಾರಕ್ಕೆ ಸರಿಯಾಗಿ ಎಳೆದು ತಳ್ಳಿ ನಿಲ್ಲಿಸಬೇಕು.

ಇದರಿಂದಲೇ ಇನ್ನೊಂದು ಮಾತು ಹೊರಡುತ್ತದೆ: ಈ ಪದ್ಧತಿಯಲ್ಲಿ ಮನಸ್ಸು ಬದಲಿಸಲು ಅವಕಾಶ ಕಡಿಮೆ. ಹೊರಗಿನ ನಲ್ಲಿ, ಡ್ರೈಯರಿನ ಕೊಳವೆ, ಅಡುಗೆಮನೆಯ ಹುಡ್, ಕರೆಂಟಿನ ಸಂಪರ್ಕ, ಇಂಟರ್ನೆಟ್ ತಂತಿ, ಮುಂದೆಂದಾದರೂ ಹಾಕಿಸಬಹುದಾದ ಸೋಲಾರ್ ಇವೆಲ್ಲಕ್ಕೂ ಕಾಂಕ್ರೀಟಿಗೆ ಮೊದಲೇ ಪೈಪು ತೂರಿಸಿಡಬೇಕು. ನಾಲ್ಕು ಪೈಪು ಹೆಚ್ಚಾಗಿದ್ದರೆ ತೊಂದರೆಯಿಲ್ಲ, ಒಂದು ಕಡಿಮೆಯಾದರೆ ಡೈಮಂಡ್ ಡ್ರಿಲ್ ತರಿಸಬೇಕಾಗುತ್ತದೆ. ಒಳಗಿನ ವೈರಿಂಗಿಗೆ ಫೋಮಿನಲ್ಲೇ ತೋಡು ಕೊರೆಯುವುದು ಸುಲಭ. ಗೋಡೆಯ ದಪ್ಪವೂ ನಕ್ಷೆಯಲ್ಲಿ ಗಮನದಲ್ಲಿರಲಿ. ಮರದ ಗೋಡೆಗಿಂತ ಐದು ಇಂಚು ದಪ್ಪ ಎಂದರೂ 180 ಅಡಿ ಸುತ್ತಳತೆಯಲ್ಲಿ ಅಂತಸ್ತಿಗೆ 75 ಚದರ ಅಡಿ ಕಳೆದುಹೋಗುತ್ತದೆ. ಅದಕ್ಕೆ ಪ್ರತಿಯಾಗಿ ಕೂರಲು ಸಾಕಾಗುವಷ್ಟು ಅಗಲದ ಕಿಟಕಿ ಕಟ್ಟೆ ಸಿಗುತ್ತದೆ ಎನ್ನಿ.

ನೆಲಮಾಳಿಗೆಗೆ ನಾನು ಹಿಂಜರಿಕೆಯಿಲ್ಲದೆ ಒಪ್ಪಿದ್ದಕ್ಕೆ ಕಾರಣವಿದೆ. ಮಿನಿಯಾಪೊಲಿಸ್ ಭಾಗದಲ್ಲಿ ಮಣ್ಣು ಹೆಪ್ಪುಗಟ್ಟುವ ಆಳದಿಂದಾಗಿ ಪಾಯ ಕನಿಷ್ಠ 42 ಇಂಚು ಇಳಿಯಲೇಬೇಕು, ಹಾಗಾಗಿ ನೆಲಮಾಳಿಗೆ ಅಲ್ಲಿ ರೂಢಿ. ಅದರ ಗೋಡೆ ಹೇಗೂ ಕಾಂಕ್ರೀಟಿನದೇ, ಅದಕ್ಕೆ ನಿರೋಧಕವನ್ನೂ ಹೇಗೂ ಹಾಕಲೇಬೇಕು. ಎರಡು ಕೆಲಸ ಒಂದರಲ್ಲೇ ಮುಗಿಯುವುದರಿಂದ ವೆಚ್ಚದ ವ್ಯತ್ಯಾಸ ಇಲ್ಲಿ ಕಡಿಮೆ. ನೆಲಮಾಳಿಗೆ ಐಸಿಎಫ್, ಮೇಲೆ ಬಿಗಿಯಾಗಿ ಕಟ್ಟಿದ ಮರದ ಚೌಕಟ್ಟು ಎಂಬ ಮಿಶ್ರ ಮನೆಯೇ ಬಹಳ ಕುಟುಂಬಗಳಿಗೆ ಸೂಕ್ತ ಎಂಬುದು ನನ್ನ ತೀರ್ಮಾನ. ಆದರೆ ಫೋಮನ್ನು ಜಲನಿರೋಧಕವೆಂದು ಭ್ರಮಿಸಬೇಡಿ. ಬ್ಲಾಕುಗಳ ಸಂದಿನಲ್ಲಿ ನೀರು ನುಸುಳುತ್ತದೆ. ಹೊರಬದಿಗೆ ಸುಲಿದು ಅಂಟಿಸುವ ಹಾಳೆಯ ಜಲನಿರೋಧಕ, ಪಾಯದ ಸುತ್ತ ನೀರು ಹರಿಸುವ ಕೊಳವೆ ಎರಡೂ ಬೇಕು. ಸಾಲ್ವೆಂಟ್ ಬೆರೆತ ಡಾಂಬರಿನಂಥ ಲೇಪ ಫೋಮನ್ನೇ ಕರಗಿಸುವುದರಿಂದ ಅದನ್ನು ಹತ್ತಿರ ಸೇರಿಸಬಾರದು. ನೆಲದಿಂದ ಹೊಮ್ಮುವ ವಿಕಿರಣಶೀಲ ರೇಡಾನ್ ಅನಿಲವನ್ನೂ ಈ ಗೋಡೆ ತಡೆಯದು. 2009ರಿಂದ ಮಿನ್ನೆಸೋಟಾದ ಹೊಸ ಮನೆಗಳಿಗೆ ಕಡ್ಡಾಯವಾಗಿರುವ ರೇಡಾನ್ ಕೊಳವೆ ನಿಮ್ಮ ಮನೆಗೂ ಬೇಕು.

ಚಳಿಗಾಲದಲ್ಲಿ ಫೋಮು ಕಾಂಕ್ರೀಟಿನ ಶಾಖವನ್ನು ಉಳಿಸಿಕೊಳ್ಳುವುದರಿಂದ, ಮೇಲೆ ಕಂಬಳಿ ಹೊದಿಸಿ ಸುರಿಯುವುದು ಸಾಧ್ಯ; ಆದರೆ ಹೆಪ್ಪುಗಟ್ಟಿದ ಮಣ್ಣಿನ ಮೇಲೆ ಪಾಯ ಹಾಕಬಾರದು. ಇದಕ್ಕಿಂತ ಹೆಚ್ಚಾಗಿ ಜನ ಮರೆಯುವುದು ವಸಂತದ ಆರಂಭವನ್ನು. ಹಿಮ ಕರಗಿ ರಸ್ತೆಗಳ ಬುಡ ಮೆತ್ತಗಾಗುವ ವಾರಗಳಲ್ಲಿ ಮಿನ್ನೆಸೋಟಾ ಭಾರಿ ವಾಹನಗಳ ತೂಕಕ್ಕೆ ಮಿತಿ ಹೇರುತ್ತದೆ, ತುಂಬಿದ ಕಾಂಕ್ರೀಟ್ ಲಾರಿ ನಿಮ್ಮ ಸೈಟಿನವರೆಗೆ ಬರಲಾಗದೆ ಹೋಗಬಹುದು.

ಗೆದ್ದಲು ಫೋಮನ್ನು ತಿನ್ನುವುದಿಲ್ಲ, ಕೊರೆದು ದಾರಿ ಮಾಡಿಕೊಳ್ಳುತ್ತದೆ. ಫ್ಲಾರಿಡಾ, ಲೂಸಿಯಾನದಂಥ ಗೆದ್ದಲು ವಿಪರೀತವಿರುವ ಪ್ರದೇಶಗಳಲ್ಲಿ ಮಣ್ಣಿನೊಳಗಿನ ಫೋಮಿಗೆ ಕಟ್ಟಡ ಸಂಹಿತೆಯೇ ನಿರ್ಬಂಧ ಹಾಕಿದೆ. ನಿಮ್ಮಲ್ಲಿ ಅಷ್ಟು ಚಿಂತೆಯಿಲ್ಲ, ಕಾರ್ಪೆಂಟರ್ ಇರುವೆಗಳು ಮಾತ್ರ ಗೂಡು ಮಾಡಬಹುದು. ನೆಲಮಟ್ಟದ ಮೇಲಿನ ಕೆಲವು ಇಂಚನ್ನು ಲೋಹದ ಪಟ್ಟಿಯಿಂದ ಮುಚ್ಚಿಸಿ, ಮಣ್ಣನ್ನು ಹೊರಹೊದಿಕೆಗೆ ತಾಗದಂತೆ ಇಡಿಸಿ.

ಬೆಂಕಿಯ ವಿಷಯದಲ್ಲಿ ಗೋಡೆಗೂ ಫೋಮಿಗೂ ಭೇದವೆಣಿಸಬೇಕು. 6 ಇಂಚಿನ ಕಾಂಕ್ರೀಟ್ ಗೋಡೆ ಪರೀಕ್ಷೆಗಳಲ್ಲಿ ಗಂಟೆಗಟ್ಟಲೆ ಬೆಂಕಿಯನ್ನು ತಡೆಯುತ್ತದೆ, ಮರದ ಗೋಡೆ ಅದರ ಹತ್ತಿರವೂ ಬಾರದು. ಫೋಮು ಹಾಗಲ್ಲ, ಅದು ನೀರು ಕುದಿಯುವ ತಾಪದ ಆಸುಪಾಸಿನಲ್ಲೇ ಮೆತ್ತಗಾಗಿ ಕುಗ್ಗುತ್ತದೆ, ಉರಿದರೆ ದಟ್ಟ ಹೊಗೆ ಬಿಡುತ್ತದೆ. ಆದ್ದರಿಂದಲೇ ಒಳಬದಿಗೆ ಅರ್ಧ ಇಂಚಿನ ಜಿಪ್ಸಮ್ ಬೋರ್ಡು ಕಡ್ಡಾಯ. ನೆಲಮಾಳಿಗೆಯ ಗೋಡೆಯನ್ನು 'ಆಮೇಲೆ ನೋಡೋಣ' ಎಂದು ಬರಿ ಫೋಮಿನಲ್ಲೇ ಬಿಟ್ಟು ಅಲ್ಲಿ ಮಕ್ಕಳ ಆಟದ ಕೋಣೆ ಮಾಡಬೇಡಿ. ಹೊರಬದಿಯನ್ನೂ ಬೇಗ ಮುಚ್ಚಿಸಿ, ಬಿಸಿಲಿಗೆ ಫೋಮು ಹಳದಿಯಾಗಿ ಪುಡಿಯುದುರುತ್ತದೆ. ಬಿರುಗಾಳಿಯಲ್ಲಿ ಗೋಡೆ ನಿಲ್ಲುವುದು ಖಚಿತ. ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದ ಪರೀಕ್ಷೆಗಳಲ್ಲಿ ಗಂಟೆಗೆ 100 ಮೈಲಿ ವೇಗದಲ್ಲಿ ಎಸೆದ 15 ಪೌಂಡಿನ ಮರದ ತೊಲೆ ಇಂಥ ಗೋಡೆಯನ್ನು ಭೇದಿಸಲಿಲ್ಲ. ಹಾರಿಹೋಗುವುದು ಚಾವಣಿ, ಒಡೆಯುವುದು ಕಿಟಕಿ. ಟೊರ್ನಾಡೊ ಭಯವಿದ್ದರೆ ನೆಲಮಾಳಿಗೆಯ ಒಂದು ಮೂಲೆಗೆ ಕಾಂಕ್ರೀಟಿನ ಚಾವಣಿಯನ್ನೇ ಹಾಕಿಸಿ ಆಸರೆಯ ಕೋಣೆ ಮಾಡಿಕೊಳ್ಳುವುದು ಲೇಸು.

ವೆಚ್ಚಕ್ಕೆ ನಿಖರ ಅಂಕಿ ಕೊಡಲು ಸೈಟು, ನಕ್ಷೆ, ತಂಡ ಮೂರೂ ಗೊತ್ತಿರಬೇಕು. ಇಡೀ ಮನೆ ಐಸಿಎಫ್ ಆದರೆ ಒಟ್ಟು ವೆಚ್ಚಕ್ಕೆ ಶೇ 5ರಿಂದ 10ರಷ್ಟು ಸೇರಿಸಿಕೊಂಡು ಹೊರಡುವುದು ಕ್ಷೇಮ. ಬ್ಲಾಕಿನ ದರವನ್ನಷ್ಟೇ ಕೇಳಿ ಮೋಸಹೋಗಬೇಡಿ; ಕಂಬಿ, ಪಂಪು, ಊರೆಗಳ ಬಾಡಿಗೆ, ಕಿಟಕಿ ಚೌಕಟ್ಟು, ನೆಲದ ತೊಲೆಗಳನ್ನು ಗೋಡೆಗೆ ಹಿಡಿಸುವ ಲೋಹದ ಬಿಡಿಭಾಗ, ಎಂಜಿನಿಯರ್ ಶುಲ್ಕ ಎಲ್ಲ ಸೇರಿದ ಅಂದಾಜು ಬರಹದಲ್ಲಿರಲಿ. ಹಿಂದೆ ಕಟ್ಟಿದ ಮನೆಗಳ ವಿಳಾಸ ಕೇಳಿ, ಸಾಧ್ಯವಾದರೆ ಅವರು ಬೇರೆಯವರ ಮನೆಯಲ್ಲಿ ಕಾಂಕ್ರೀಟು ಸುರಿಯುವ ದಿನ ಹೋಗಿ ನಿಂತು ನೋಡಿ.

ದಾವಣಗೆರೆಯ ಮನೆಗೆ ಇದು ಬೇಡ. ಅಲ್ಲಿ ಕಿಟಕಿ ತೆರೆದು, ಫ್ಯಾನು ಹಾಕಿ ಬದುಕುವ ಮನೆಗೆ ಆರ್-23ರ ಗೋಡೆ ಮಾಡುವ ಉಪಕಾರ ಅಲ್ಪ. ಹಳೆಯ ಪಾಯದ ಮೇಲೆ ಹೊಸ ಅಂತಸ್ತು ಏರಿಸುವಾಗ ತೂಕವೇ ಮೊದಲ ಪ್ರಶ್ನೆ. 6 ಇಂಚಿನ ಕಾಂಕ್ರೀಟ್ ಗೋಡೆ ಚದರ ಮೀಟರಿಗೆ ಸುಮಾರು 365 ಕಿಲೊ ತೂಗಿದರೆ, 8 ಇಂಚಿನ ಎಎಸಿ (ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್) ಬ್ಲಾಕಿನ ಗೋಡೆ ಪ್ಲಾಸ್ಟರ್ ಬಿಟ್ಟು 125ರಿಂದ 130 ಕಿಲೊ. ಭಾರತದಲ್ಲಿ ಇದರ ಸೋದರ ಪದ್ಧತಿಯೊಂದು ಬಂದಿದೆ. 2021ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಲೈಟ್ ಹೌಸ್ ಯೋಜನೆಯಲ್ಲಿ ಲಖನೌದ ವಸತಿ ಸಮುಚ್ಚಯಕ್ಕೆ ಬಿಚ್ಚದೆ ಉಳಿಯುವ ಪಿವಿಸಿ ಅಚ್ಚನ್ನು ಬಳಸಿದರು. ಅದು ಒಂದೇ ಬಗೆಯ ನೂರಾರು ಮನೆ ಕಟ್ಟುವಾಗಿನ ಲೆಕ್ಕ, ಒಂಟಿ ಮನೆಯದಲ್ಲ. ದಾವಣಗೆರೆಯ ಏಪ್ರಿಲ್ ಬಿಸಿಲು ಮೇಲಂತಸ್ತಿಗೆ ಮುಖ್ಯವಾಗಿ ಇಳಿಯುವುದು ಗೋಡೆಯಿಂದಲ್ಲ, ತಾರಸಿಯಿಂದ. ಮನೆಗಳ ಇಂಧನ ಉಳಿತಾಯಕ್ಕೆಂದು ಕೇಂದ್ರ ಸರ್ಕಾರ ತಂದ 2018ರ ಇಕೊ ನಿವಾಸ್ ಸಂಹಿತೆ ಚಾವಣಿಯ ಯು-ವ್ಯಾಲ್ಯೂ (ಶಾಖವನ್ನು ದಾಟಿಸುವ ಗುಣದ ಅಳತೆ, ಕಡಿಮೆಯಿದ್ದಷ್ಟೂ ಒಳ್ಳೆಯದು) 1.2 ಮೀರಬಾರದು ಎನ್ನುತ್ತದೆ. ಬರಿ ಆರ್‌ಸಿಸಿ ತಾರಸಿಯದು ಅದರ ಸುಮಾರು ಮೂರು ಪಟ್ಟು. ಹೊಸ ಅಂತಸ್ತಿನ ತಾರಸಿಯ ಮೇಲೆ 50 ಎಂಎಂ ದಪ್ಪದ ಎಕ್ಸ್‌ಪಿಎಸ್ ಎಂಬ ಗಟ್ಟಿ ಫೋಮಿನ ಹಲಗೆ ಹಾಸಿ, ಅದರ ಮೇಲೆ ಇಳಿಜಾರಿನ ಕಾಂಕ್ರೀಟು ಮತ್ತು ಬಿಳಿ ಟೈಲ್ಸ್ ಹಾಕಿಸಿದರೆ ಯು-ವ್ಯಾಲ್ಯೂ 0.5ರ ಹತ್ತಿರಕ್ಕೆ ಇಳಿಯುತ್ತದೆ. ಪಾಯ ಮತ್ತು ಕಂಬಗಳು ಇನ್ನೊಂದು ಅಂತಸ್ತನ್ನು ಹೊರಬಲ್ಲವೇ ಎಂಬುದನ್ನು ಹಳೆಯ ನಕ್ಷೆ ಹಿಡಿದು ನಿಮ್ಮ ತಂದೆಯವರೇ ಮೊದಲು ಪರಿಶೀಲಿಸಲಿ.